ಮೂರನೆಯ ಸಲ ಕೇಳದವನು

ಕಂಪ್ಯೂಟರಿಗೇ ಕ್ಷೇಮಸಮಾಚಾರ ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದರೆ, ಅದು ನಮ್ಮ ಸೋದರಮಾವ!

ಹೋದ ವರ್ಷದ ಮಾತು. ಮಾವನಿಗೆ ಹಳೆಯ ಸಕ್ಕರೆ ಕಾಯಿಲೆ. ಅತ್ತೆ ತೀರಿಕೊಂಡ ಮೇಲೆ ಊಟವೂ ಬೇಡ, ಗುಳಿಗೆಯೂ ಬೇಡ. ಡಾಕ್ಟರು ಅವರ ಹೆಸರನ್ನು ದೂರದ ಸಂಶೋಧಕರ ಒಂದು ಅಧ್ಯಯನಕ್ಕೆ ಸೇರಿಸಿದರು. ಬಹುಕಾಲದ ಕಾಯಿಲೆಯವರು ಇಂಟರ್ನೆಟ್ಟಿನಲ್ಲಿ ಪಾಠ ಓದಿ ತಮ್ಮ ಮನಸ್ಸನ್ನು ತಾವೇ ಸಂಭಾಳಿಸಬಲ್ಲರೇ ಎಂದು ನೋಡುವುದಂತೆ. ವಾರಕ್ಕೊಂದು ಪಾಠ, ಒಂದಿಷ್ಟು ಪ್ರಶ್ನೆ. ಇಂಗ್ಲಿಷ್ ಓದಿ ಹೇಳಿ ಉತ್ತರ ಒತ್ತುವ ಕೆಲಸ ನನ್ನದು.

ನಮ್ಮೂರು ಬಸವಕಲ್ಯಾಣದಲ್ಲಾದರೆ ಗುರುತಿನವರು ನೋಡಿಯಾರು ಎಂದು ಹುಮನಾಬಾದಿನ ಸೈಬರ್ ಕೆಫೆಗೆ ಹೊರಟೆವು. ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ, ಬಸ್ಸು ಊರು ದಾಟುವಷ್ಟರಲ್ಲಿ ಹಿಂದಿನ ಸೀಟಿಗೂ ಮುಟ್ಟಿತ್ತು! ‘ಮನಸ್ಸು ತಪಾಸ್ ಮಾಡಸಾಕ ಹೊಂಟೀನ್ರಿ,’ ಎಂದು ಮಾವನೇ ಸಾರಿದ್ದರು.

‘ರಿಪೋರ್ಟ್ ಬಂದ್ರ ನಮಗೂ ತೋರಸ್ರಿ ಕಾಕಾ,’ ಎಂದ ಕಂಡಕ್ಟರ್.

ಕೆಫೆಯ ಬಾಗಿಲಲ್ಲಿ ಮಾವ ಚಪ್ಪಲಿ ಬಿಟ್ಟರು. ಕಂಪ್ಯೂಟರಿಗೆ ಕೈಮುಗಿದು ‘ಶರಣ್ರಿ’ ಎಂದರು. ಕಳೆದ ವಾರ ಎಷ್ಟು ದಿನ ಬೇಸರವಾಗಿತ್ತು ಎಂಬ ಪ್ರಶ್ನೆ ಓದಿದೆ.

‘ಆರಾಮ ಅದೀನಿ ಅಂತ ಬರಿ. ಅವರ ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ ಕೇಳು.’

‘ಮಾಮಾ, ಇದು ಮಷೀನ್! ಇದಕ್ಕೆಲ್ಲಿ ಮನಿ?’

‘ಮನೀನೇ ಇಲ್ಲದವ್ರಿಗಿ ನಮ್ಮ ಮನಿ ಸುದ್ದಿ ಹ್ಯಾಂಗ ಹೇಳ್ಲಿ?’

ಕೆಫೆಯ ಮಾಲೀಕ ಬಿದ್ದು ಬಿದ್ದು ನಕ್ಕ. ನನ್ನ ಕಿವಿ ಬಿಸಿಯಾಯಿತು. ‘ಒಂದು ದಿನವೂ ಇಲ್ಲ’ ಎಂದು ಒತ್ತಿಬಿಟ್ಟೆ.

ದಿನಕ್ಕೊಂದು ಖುಷಿಯ ಕೆಲಸ ಮಾಡಿರೆಂದು ಒಂದು ಪಾಠ ಹೇಳಿತು. ಮಾವ ದಿನವೂ ಮಂಠಾಳದ ಬಸ್ ಹತ್ತಿ, ಅದೇ ಬಸ್ಸಿನಲ್ಲಿ ತಿರುಗಿ ಬಂದರು.

‘ಅಲ್ಲೇನ್ ಕೆಲಸ ಮಾಮಾ?’

‘ಏನಿಲ್ಲ. ಕಂಡಕ್ಟರ್ ಮಾತಾಡಸ್ತಾನ.’

ನಾನು ನಕ್ಕೆ. ಹೌದು, ನಕ್ಕೆ.

ನಮ್ಮ ಕಡೆ ಕ್ಷೇಮ ಕೇಳುವುದಕ್ಕೊಂದು ಕ್ರಮವಿದೆ. ಮೊದಲ ಸಲ ಕೇಳಿದರೆ ಸಾಯುತ್ತಿರುವವನೂ ‘ಆರಾಮ’ ಎನ್ನಬೇಕು, ತಿರುಗಿ ಕೇಳಬೇಕು. ಎರಡನೆಯ ಸಲಕ್ಕೆ ‘ನಡದದ’. ಮೂರನೆಯ ಸಲ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ. ದೂರದ ಸಂಶೋಧಕರಿಗೆ ಇದು ಗೊತ್ತಿಲ್ಲದಿರಬಹುದು. ನನಗೆ ಗೊತ್ತಿರಲಿಲ್ಲವೇ? ಎಂಟು ವಾರವೂ ಪ್ರತಿ ಪ್ರಶ್ನೆಯನ್ನು ಒಂದೇ ಸಲ ಕೇಳಿದೆ.

ಕೊನೆಗೆ ಉತ್ತರ ಬಂತು: ನಿಮ್ಮ ಮನಸ್ಸು ಚೆನ್ನಾಗಿದೆ, ಹೆಚ್ಚಿನ ನೆರವು ಬೇಕಿಲ್ಲ. ‘ಪಾಸಾದೆ!’ ಎಂದು ಮಾವ ಬಸ್ಸಿನವರಿಗೆಲ್ಲ ಪೇಡಾ ಹಂಚಿದರು. ಸಕ್ಕರೆ ಕಾಯಿಲೆಯವರು, ತಾವೂ ಎರಡು ತಿಂದರು! ಇಳಿಯುವಾಗ ಮೆಲ್ಲಗೆ, ‘ಹಂಗಾದ್ರ ಇನ್ನ ಯಾರೂ ಕೇಳಂಗಿಲ್ಲೇನು?’ ಎಂದರು.

‘ಆರಾಮ ಅದೀರಲ್ಲ, ಇನ್ನೇನ್ ಕೇಳೂದು!’ ಎಂದೆ.

ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅವರ ಟ್ರಂಕಿನಲ್ಲಿ ಮೂರು ತಿಂಗಳ ಗುಳಿಗೆ ಪೊಟ್ಟಣಗಳು ಒಡೆಯದೆ ಇದ್ದವು.

ಮೊನ್ನೆ ಅವರ ಹೆಸರಿಗೆ ಮತ್ತೆ ಪ್ರಶ್ನೆಗಳು ಬಂದವು. ವರ್ಷದ ಮೇಲೆ ವಿಚಾರಿಸುವುದು ಅವರ ಪದ್ಧತಿಯಂತೆ. ಒಬ್ಬನೇ ಹುಮನಾಬಾದಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಮಾವ ಇಲ್ಲವೆಂದು ಬರೆದೆ. ಹೋದ ವರ್ಷದ ಉತ್ತರಗಳು ಅವರವಲ್ಲ, ನಾಚಿಕೊಂಡು ನಾನು ಒತ್ತಿದವು ಎಂದೂ ಬರೆದೆ. ಕೊನೆಗೆ, ಅವರು ಅಂದು ಕೇಳೆಂದಿದ್ದನ್ನು ಕೇಳಿದೆ: ನಿಮ್ಮ ಮನೆಯಲ್ಲಿ ಎಲ್ಲರೂ ಆರಾಮವೇ?

ನಾಲ್ಕು ದಿನಕ್ಕೆ ಅಲ್ಲಿಂದ ಯಾರೋ ಒಬ್ಬರು ಉತ್ತರ ಬರೆದಿದ್ದರು: ‘ಎಲ್ಲರೂ ಆರಾಮ. ನೀವು ಹೇಗಿದ್ದೀರಿ?’

‘ಆರಾಮ’ ಎಂದು ಬರೆದು ಕಳಿಸಿದ್ದೇನೆ. ಕ್ರಮ ತಪ್ಪಬಾರದಲ್ಲ! ಇನ್ನೆರಡು ಸಲ ಕೇಳಿಯಾರೇ ಎಂದು ಕಾಯುತ್ತಿದ್ದೇನೆ.