ಏಡಿ ಸಾರಿನ ನಾಯಕಿ

ಒಂದೇ ಸುಳ್ಳನ್ನು ದಿನಾ ಹೇಳುತ್ತಿದ್ದರೆ ಅದು ಸುಳ್ಳು ಅನ್ನುವುದು ಹೇಳುವವರಿಗೇ ಮರೆತುಹೋಗುತ್ತದೆ. ನಾನು ಹರಿಹರಪುರದ ಹತ್ತಿರ ಒಂದು ಅಂಗನವಾಡಿಯಲ್ಲಿ ಸಹಾಯಕಿ. ಟೀಚರ್ ಸುಮಿತ್ರಕ್ಕ ಬೆಳಿಗ್ಗೆ ಬಂದವರೇ, "ಸರೋಜಾ, ನಿನ್ನೆ ಎಂತ ಸಾರು?" ಅನ್ನುತ್ತಾರೆ. "ಬೇಳೆ ಸಾರು" ಅನ್ನುತ್ತೇನೆ. ಹದಿನಾಲ್ಕು ವರ್ಷದಿಂದ ಬೇಳೆ ಸಾರೇ. ನಾವು ಹಸಲರು, ಮಲೆನಾಡಿನ ಕಾಡಂಚಿನ ಗಿರಿಜನ; ಹಳ್ಳದ ಏಡಿ, ಕಾಡುಗೆಣಸು, ಬಿದಿರಿನ ಕಳಲೆ ತಿಂದು ಬೆಳೆದವರು. ಶಾಲೆಯಲ್ಲಿ ಒಮ್ಮೆ ನನ್ನ ಬುತ್ತಿಯಲ್ಲಿ ಏಡಿಯ ಕಾಲು ಕಂಡು ಪಕ್ಕದ ಹುಡುಗಿ ಎದ್ದು ಬೇರೆ ಕಡೆ ಕೂತಳು. ಅವತ್ತಿನಿಂದ ನಮ್ಮ ಮನೆಯ ಏಡಿಗಳೆಲ್ಲ ಹೊರಗಿನವರ ಪಾಲಿಗೆ ತೊಗರಿಬೇಳೆಯಾದವು.

ಹೀಗೆ ಮರ್ಯಾದೆಯಿಂದಿದ್ದ ನನಗೆ ಫಜೀತಿ ತಂದವಳು ಮಗಳು ಅಶ್ವಿನಿ. ಪಿಯುಸಿ ಮುಗಿಸಿದವಳು, ಗಿರಿಜನ ಹುಡುಗ ಹುಡುಗಿಯರಿಗೆ ಮೊಬೈಲಿನಲ್ಲೇ ಸಿನಿಮಾ ಮಾಡಲು ಕಲಿಸುವ ಶಿಬಿರಕ್ಕೆ ಸೇರಿ ವಾರವಾರ ಕೊಪ್ಪಕ್ಕೆ ಹೋಗುತ್ತಿದ್ದಳು. ಕಂಡಕ್ಟರ್ ಎದುರೂ ತಲೆಯೆತ್ತದ ಹುಡುಗಿ ಒಂದು ಭಾನುವಾರ, "ಅಮ್ಮ, ನಿನ್ನ ಮೇಲೆ ಸಿನಿಮಾ ಮಾಡ್ತೀನಿ" ಅಂದಳು. ನಾನು ಓಡಿಹೋಗಿ ರೇಷ್ಮೆ ಸೀರೆ ಉಟ್ಟು, ಪೌಡರ್ ಬಳಿದುಕೊಂಡು, ಕೇಸರಿಬಾತಿಗೆ ರವೆ ಹುರಿಯಲು ನಿಂತೆ.

"ಎಂತ ಅವತಾರ ಅಮ್ಮ ಇದು? ಹಳ್ಳಕ್ಕೆ ಬಾ. ಏಡಿ ಹಿಡಿದು ಸಾರು ಮಾಡೋದು ತೋರ್ಸು."

"ಬೇಡ ಮಾರಾಯ್ತಿ, ಊರೆಲ್ಲ ನೋಡ್ತದೆ."

"ನೋಡ್ಲಿ ಅಂತಲೇ ಮಾಡೋದು. ನಿಂಗೆ ನಾಚಿಕೆ ಆದ್ರೆ ಹೇಳು, ಬಿಟ್ಟುಬಿಡ್ತೀನಿ." ಅವಳ ದನಿ ಸಣ್ಣದಾಯಿತು.

ನಾಚಿಕೆಯಾಗುತ್ತದೆ ಅಂತ ಮಗಳೆದುರು ಒಪ್ಪಿಕೊಳ್ಳುವುದು ಇನ್ನೂ ನಾಚಿಕೆ. ಹಳೆ ಸೀರೆ ಎತ್ತಿ ಕಟ್ಟಿ, ಮೇಲೆ ಗಂಡನ ಶರ್ಟು ತೊಟ್ಟು ಹೊರಟೆ. ಕಲ್ಲಿನಡಿ ಕೈ ಹಾಕಿ ಒಂದು ದಪ್ಪ ಏಡಿ ಎಳೆದೆ. "ಅಮ್ಮ, ಸರಿಯಾಗಿ ಕಾಣ್ಲಿಲ್ಲ. ಬಿಟ್ಟು ಮತ್ತೆ ಹಿಡಿ!" ಬಿಟ್ಟೆ. ನಿರ್ದೇಶಕಿಯ ಮಾತು ನನಗೆ ತಿಳಿಯಿತೇ ಹೊರತು ಏಡಿಗೆ ತಿಳಿಯಲಿಲ್ಲ. ಹೆಬ್ಬೆರಳು ಕಚ್ಚಿ ನಾಪತ್ತೆಯಾಯಿತು. ನಾನು ನೀರಿನಲ್ಲಿ ದೊಪ್ಪನೆ ಕೂತು ಏಡಿಗೆ, ಅದರ ವಂಶಕ್ಕೆ, ಶಿಬಿರಕ್ಕೆ, ಮಗಳಿಗೆ ಸೇರಿಸಿ ಬೈದೆ. ಅವಳು ಫೋನ್ ಇಳಿಸಲೇ ಇಲ್ಲ.

ಕೊಪ್ಪದ ಸಭಾಭವನದಲ್ಲಿ ಪ್ರದರ್ಶನ. ಅಶ್ವಿನಿ ಸುಮಿತ್ರಕ್ಕನನ್ನೂ ಕರೆದುಬಿಟ್ಟಿದ್ದಳು. ತಪ್ಪಿಸಿಕೊಳ್ಳಲು ಸುಲಭವಾಗಲಿ ಅಂತ ನಾನು ಬಾಗಿಲ ಪಕ್ಕ ಕೂತೆ. ಅವರು ಬಂದು ನನ್ನ ಪಕ್ಕವೇ ಕೂತರು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡ ನಾನು! ನೀರಿಗೆ ಬಿದ್ದಾಗ ಜನ ಬಿದ್ದು ಬಿದ್ದು ನಕ್ಕರು. ನಾನು ಎದ್ದು ಓಡಬೇಕು ಅನ್ನುವಷ್ಟರಲ್ಲಿ ಮಸಾಲೆ ಅರೆಯುವ ನನ್ನ ಕೈ, ಜೊತೆಗೆ ನನ್ನದೇ ದನಿ: "ಇದು ನನ್ನಜ್ಜಿ ಕಲಿಸಿದ್ದು. ಕೆಲಸ ಇಲ್ಲದ ದಿನ ನಮ್ಮನ್ನ ಸಾಕಿದ್ದು ಈ ಹಳ್ಳ." ಯಾವಾಗ ಹೇಳಿದ್ದೆನೋ ನೆನಪಿಲ್ಲ. ನಗುತ್ತಿದ್ದವರೆಲ್ಲ ಪರದೆಯತ್ತ ಬಗ್ಗಿ ಕೂತರು. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಅಶ್ವಿನಿ ವೇದಿಕೆ ಹತ್ತಿ, ತಲೆಯೆತ್ತಿ, ಮೈಕಿನಲ್ಲಿ, "ಅದು ನನ್ನಮ್ಮ. ನಾವು ಹಸಲರು" ಅಂದಳು. ನನ್ನ ಕಣ್ಣು ತುಂಬಿತು.

ಸುಮಿತ್ರಕ್ಕ ನನ್ನ ಕಡೆ ತಿರುಗಿದರು. "ಹದಿನಾಲ್ಕು ವರ್ಷ ಬರೀ ಬೇಳೆ ಸಾರಾ? ನಮ್ಮನೇಲಿ ಏಡಿ ಅಂದ್ರೆ ಜೀವ ಬಿಡ್ತಾರೆ ಮಾರಾಯ್ತಿ! ಬರೋ ಭಾನುವಾರ ನಿಮ್ಮನೆಗೇ ಬರ್ತೀನಿ." ಬಂದರು, ಎರಡು ಸಲ ಬಡಿಸಿಕೊಂಡರು.

ಈಗ ಅಶ್ವಿನಿ ಕಡಹಿನಬೈಲಿನಲ್ಲಿ ಜೇನು ಕೀಳುವ ಅಜ್ಜನೊಬ್ಬನ ಮೇಲೆ ಎರಡನೇ ಸಿನಿಮಾ ಮಾಡುತ್ತಿದ್ದಾಳೆ. "ಇದ್ರಲ್ಲಿ ನಾನೆಲ್ಲಿ ಬರ್ತೀನಿ?" ಅಂತ ಕೇಳಿದೆ. "ನೀನಿಲ್ಲ ಅಮ್ಮ" ಅಂದಳು. ಮೂರು ದಿನದಿಂದ ಮಾತು ಬಿಟ್ಟಿದ್ದೇನೆ. ಆ ಅಜ್ಜನಿಗೆ ಕ್ಯಾಮೆರಾ ಕಂಡರೆ ಬಾಯಿಂದ ಮಾತೇ ಬರುವುದಿಲ್ಲವಂತೆ. ಪಾಪ ಅನ್ನಬೇಕಾದ ಸುದ್ದಿ. ಕೇಳಿದಾಗಿನಿಂದ ನನಗೆ ಮಾತ್ರ ಊಟ ಸರಿಯಾಗಿ ಸೇರುತ್ತಿದೆ.