ಪ್ರೊಫೆಸರ್ ವಿಕ್ಟರ್ ಹೇಳಿದ ಬುದ್ಧಿ

ಜೀವಮಾನದಲ್ಲಿ ಒಂದು ಕಾಸನ್ನೂ ಪಣಕ್ಕಿಡದ ವಿಸ್ತಿನ್, ಜೂಜಾಡುವವರಿಗೆ ಬುದ್ಧಿ ಹೇಳಿ ಹೊಟ್ಟೆ ಹೊರೆಯುತ್ತಿದ್ದ. ಮಾಲ್ಟಾದಲ್ಲಿ ಇಂಥ ಕೆಲಸಗಳಿಗೆ ಬರವಿಲ್ಲ. ಆನ್‌ಲೈನ್ ಕ್ಯಾಸಿನೊ ಕಂಪನಿಗೆ ಅವನು ಬರೆದದ್ದೆಲ್ಲ 'ಪ್ರೊಫೆಸರ್ ವಿಕ್ಟರ್' ಎಂಬ, ಹುಟ್ಟಿಯೇ ಇರದ ಮಹಾನುಭಾವರ ಹೆಸರಿನಲ್ಲಿ ಬರುತ್ತಿತ್ತು. ಊರಲ್ಲಿ ಮಾತ್ರ ತಾನು ಆ ಕಂಪನಿಯ ಲೆಕ್ಕ ನೋಡುವವನೆಂದು ಹೇಳಿಕೊಂಡಿದ್ದ.

ಆ ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಡೋರಿಸ್ ಅವನ ಬರಹವನ್ನು ವಾಪಸು ಮಾಡಿದಳು.

"ಸ್ಲಾಟ್ ಆಡ್ಲಾ, ಮೇಜಿನಾಟ ಆಡ್ಲಾ ಅಂತ ಜನ ಕೇಳ್ತಾರೆ. ನೀನು ಎರಡೂ ಒಳ್ಳೇದು, ಎರಡರಲ್ಲೂ ಹುಷಾರು ಅಂತ ಬರ್ದಿದ್ದೀಯ. ಹಂಗಂದ್ರೆ ಯಾರು ಆಡ್ತಾರೆ? ಮಧ್ಯಾಹ್ನದೊಳಗೆ ಒಂದು ಕಡೆ ನಿಲ್ಲು. ಇಲ್ಲಾಂದ್ರೆ ಸೋಮವಾರದಿಂದ ಬರೋದೇ ಬೇಡ."

ಕೆಲಸ ಹೋದರೆ, ಅವನು ಮದುವೆಯಾಗಬೇಕೆಂದಿದ್ದ ಮಾರ್ತೀಸಳೂ ಹೋದಂತೆ. ಅವಳಪ್ಪ ಚೆನ್ಸು, ಊರಹಬ್ಬಕ್ಕೆ ವಾದ್ಯ, ಬಾಣಬಿರುಸು ನಡೆಸುವ ಸಂತ ರೋಕ್ಕು ಬ್ಯಾಂಡ್ ಕ್ಲಬ್ಬಿನ ಖಜಾಂಚಿ, ಕೆಲಸವಿಲ್ಲದ ಅಳಿಯನನ್ನು ಮನೆಗೆ ಸೇರಿಸುವ ಪೈಕಿಯವನಲ್ಲ. ಮದುವೆಯ ದಿನ ಗೊತ್ತುಮಾಡಲು ಅಂದು ಸಂಜೆಯೇ ಬರಹೇಳಿದ್ದ.

ವಿಸ್ತಿನ್ ಕ್ಲಬ್ಬಿನ ಬಾರಿಗೆ ಓಡಿದ. ಬಿಸಿ ಪಸ್ತಿಜ್ಜಿ ಕಡುಬು ಮುರಿಯುತ್ತ, ಯಾರೋ ಗೆಳೆಯ ಕೇಳಿದನೆಂಬಂತೆ ಮಾತು ತೆಗೆದ.

"ಸ್ಲಾಟೇ ವಾಸಿ ಕಣಪ್ಪ," ಎಂದ ಬಾರಿನ ನೇನು. "ಗುಂಡಿ ಒತ್ತು, ಚಿತ್ರ ತಿರುಗುತ್ತೆ, ದುಡ್ಡು ಹೋಗುತ್ತೆ. ತಲೆ ಓಡಿಸೋ ಕಷ್ಟ ಇಲ್ಲ."

"ಇಲ್ಲದ್ದನ್ನ ಎಲ್ಲಿಂದ ಓಡಿಸ್ತೀಯ?" ಮೂಲೆಯಲ್ಲಿ ಇಸ್ಪೀಟು ಕಲೆಸುತ್ತಿದ್ದ ಚೆನ್ಸು ತಲೆಯೆತ್ತಿದ. "ಸ್ಲಾಟ್ ಅಂದ್ರೆ ಹಾಳುಬಾವಿಗೆ ಕಾಸು ಎಸೆದಂಗೆ. ಮೇಜಿನಾಟದಲ್ಲಿ ಎಲೆ ಇರುತ್ತೆ, ಚಕ್ರ ಇರುತ್ತೆ, ಎಲ್ಲಾ ಕಣ್ಣಿಗೆ ಕಾಣುತ್ತೆ. ತಲೆ ಇರೋನು ಮೇಜಿನಲ್ಲಿ ಸೋಲಲ್ಲ."

"ನೀವು ಆಡಿದ್ದೀರಾ, ಮಾಮ?"

"ನಾನ್ಯಾಕೆ ಆಡ್ಲಿ? ಗೊತ್ತಿರೋನಿಗೆ ಆಡೋ ಅಗತ್ಯ ಇಲ್ಲ."

ಎರಡು ಬ್ಯಾಂಡ್ ಕ್ಲಬ್ಬುಗಳ ಊರದು, ಯಾವ ಮಾತು ಬಿದ್ದರೂ ಎರಡು ಹೋಳಾಗಲೇಬೇಕು. ಗಲಾಟೆ ಕೇಳಿ ಬೀದಿಯಾಚೆಯ ಕ್ಲಬ್ಬಿನವರು ಬಾಗಿಲಿಗೆ ಬಂದರು. ಚೆನ್ಸು ಮೇಜಿನ ಪರ ಎಂದು ತಿಳಿದದ್ದೇ, ಸ್ಲಾಟ್ ಎಂದರೇನೆಂದೂ ಕೇಳದೆ ಸ್ಲಾಟಿನ ಪರ ನಿಂತರು. ನೂಕಾಟದಲ್ಲಿ ಯಾರದೋ ಗಾಜಿನ ಲೋಟದ ಚಹಾ ವಿಸ್ತಿನ್‌ನ ಅಂಗಿಗೆ ಬಿತ್ತು. ಅಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು. ಮಾವನಾಗುವವನ ಮಾತಿಗಿಂತ ದೊಡ್ಡ ಶಾಸ್ತ್ರ ಯಾವುದು? ಅದನ್ನೇ ಅಕ್ಷರ ಬಿಡದೆ ಬರೆದು ಕಳಿಸಿದ.

"ಇದು ನೋಡು ಬರವಣಿಗೆ," ಎಂದಳು ಡೋರಿಸ್.

ಸಂಜೆ ಹೊಸ ಅಂಗಿ ತೊಟ್ಟು, ಖರ್ಜೂರದ ತಿಂಡಿಯ ಪೊಟ್ಟಣ ಹಿಡಿದು ವಿಸ್ತಿನ್ ಚೆನ್ಸುವಿನ ಮನೆಯ ಹೊಸ್ತಿಲಲ್ಲಿ ನಿಂತ. ಒಳಗೆ ಚೆನ್ಸು ಬಾಡಿದ ಬದನೆಕಾಯಿಯಂತೆ ಕೂತಿದ್ದ.

"ಹಬ್ಬದ ಬಾಣಬಿರುಸಿಗೆ ಕ್ಲಬ್ಬು ಕೂಡಿಸಿದ ದುಡ್ಡು ಹೋಯ್ತು ಕಣಪ್ಪ."

"ಹೇಗೆ ಮಾಮ?"

"ನೇನು ಬಾಯಿ ಮುಚ್ಚಿಸೋಣ ಅಂತ ಫೋನಲ್ಲಿ ಹುಡುಕಿದೆ. ಯಾರೋ ಪ್ರೊಫೆಸರ್ ವಿಕ್ಟರ್ ಅಂತೆ, ನಿಮ್ಮ ಕಂಪನಿ ಪುಟದಲ್ಲಿ ಇವತ್ತೇ ಬರ್ದಿದ್ದಾನೆ. ನಾನು ಹೇಳೋದನ್ನೇ ಹೇಳಿದ್ದ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅಷ್ಟು ಓದಿರೋನೂ ನನ್ನ ಥರಾನೇ ಯೋಚಿಸ್ತಾನೆ ಅಂದ್ಮೇಲೆ ಇನ್ನೇನು ಅನುಮಾನ? ಫೋನಲ್ಲೇ ಚಕ್ರದ ಮೇಜಿಗೆ ಕೂತುಬಿಟ್ಟೆ."

ವಿಸ್ತಿನ್ ತಿಂಡಿಯ ಪೊಟ್ಟಣವನ್ನು ಬೆನ್ನ ಹಿಂದಕ್ಕೆ ಸರಿಸಿದ.

"ದೋಣಿ ಮಾರಿ ದುಡ್ಡು ತುಂಬ್ತೀನಿ," ಎಂದ ಚೆನ್ಸು. ಕ್ಲಬ್ಬಿನ ದೊಡ್ಡ ಡೋಲಿನ ಕೋಲು ಅವನ ತೊಡೆಯ ಮೇಲಿತ್ತು. "ಆದ್ರೆ ಆ ಪ್ರೊಫೆಸರನ್ನ ಬಿಡಲ್ಲ. ನೀನು ಅದೇ ಕಂಪನೀಲಿ ಲೆಕ್ಕ ನೋಡೋನಲ್ವಾ? ಅವನ್ಯಾರು ಅಂತ ಪತ್ತೆ ಮಾಡಿ ಕರ್ಕೊಂಡು ಬಾ. ಅವನು ಈ ಹೊಸ್ತಿಲಲ್ಲಿ ಬಂದು ನಿಂತ ದಿನಾನೇ ನಿನ್ನ ಮದುವೆ ಮಾತು. ಅಲ್ಲೀತನಕ ಬೇಡ."

ವಿಸ್ತಿನ್ ಹೊಸ್ತಿಲಿನಿಂದ ಮೆಲ್ಲಗೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.