ಅಧ್ಯಕ್ಷರ ಸ್ಲೋ ಕಂಪ್ಯೂಟರ್

"ನಾವೇನೂ ಮಾಡಿಲ್ಲ ಸಾರ್, ಅದಷ್ಟಕ್ಕದೇ ಸ್ಲೋ ಆಯ್ತು." ಕಂಪ್ಯೂಟರ್ ರಿಪೇರಿ ಮಾಡೋ ನನಗೆ ದಿನಾ ಯಾರಾದ್ರೂ ಈ ಮಾತು ಹೇಳ್ತಾರೆ. ಬಸವೇಶ್ವರನಗರದಲ್ಲಿ ಅಂಗಡಿ ಇಟ್ಟಾಗಿಂದ, ಅದಷ್ಟಕ್ಕದೇ ಸ್ಲೋ ಆದ ಕಂಪ್ಯೂಟರ್ ಒಂದನ್ನೂ ನಾನಿನ್ನೂ ನೋಡಿಲ್ಲ. ಬೇರೆ ಮನೆಗಳ ಕಥೆ ಬೇಡ. ನಮ್ಮ ಬಡಾವಣೆ ಸಂಘದ ಅಧ್ಯಕ್ಷರ ಮನೆಯೊಂದೇ ಸಾಕು.

ಅಧ್ಯಕ್ಷರು ರಿಟೈರ್ಡ್ ಲೆಕ್ಕದ ಮೇಷ್ಟ್ರು. ತಮ್ಮ ಮನೆ ಕೆಳಗಿನ ಪೋರ್ಷನ್ ಬಾಡಿಗೆಗೆ ಕೊಟ್ಟಾಗ, ಅಲ್ಲಿದ್ದ ಸೋಫಾ, ಮಂಚ, ಬೀರು ಎಲ್ಲಾನೂ ಪಾರ್ಕ್ ಪಕ್ಕದ ಸಂಘದ ರೂಮಿಗೆ ಸಾಗಿಸಿ ಬೀಗ ಹಾಕ್ಕೊಂಡಿದ್ರು. ಎದುರುಮನೆ ಇಂಜಿನಿಯರು ಅದನ್ನ ನಾಲ್ಕು ಜನರ ಮುಂದೆ ಕೇಳೋಕೆ ಕಾಯ್ತಾ ಇದ್ರು. ಭಾನುವಾರ ವಾರ್ಷಿಕ ಸಭೆ, ಅವತ್ತೇ ಅಧ್ಯಕ್ಷರ ಆಯ್ಕೆ. ಎದುರಾಬದುರು ಕೂತ್ರೆ ಕುರ್ಚಿ ಉಳಿಯಲ್ಲ ಅಂತ ಅಧ್ಯಕ್ಷರು ಈ ಸಲ ಸಭೆ ಆನ್‌ಲೈನ್ ಅಂದುಬಿಟ್ರು. ಆದ್ರೆ ಅವರ ಕಂಪ್ಯೂಟರ್ ಆನ್ ಆಗೋಷ್ಟರಲ್ಲಿ ಅವರ ಹೆಂಡತಿ, ಅಂದ್ರೆ ಮೇಡಂ, ಅಕ್ಕಿ ಆರಿಸಿ, ತೊಳ್ದು, ಅನ್ನ ಮಾಡಿ ಇಳಿಸ್ತಿದ್ರು.

"ಭಾನುವಾರದೊಳಗೆ ಫಾಸ್ಟ್ ಮಾಡ್ಕೊಡಪ್ಪ. ನನ್ನ ಮರ್ಯಾದೆ ಪ್ರಶ್ನೆ" ಅಂದ್ರು.

ಪೂಜಾಫಲ

ಕಂಪ್ಯೂಟರ್ ಡಬ್ಬ ಬಿಚ್ಚಿದೆ. ಒಳಗೆ ಒಂದು ಸಣ್ಣ ದೇವಸ್ಥಾನ ಇತ್ತು. ವಿಭೂತಿ, ಅರಿಶಿನ, ಕುಂಕುಮ, ಒಣಗಿದ ಸೇವಂತಿಗೆ ಎಸಳು. ಫ್ಯಾನಿಗೆ ಹೂವಿನ ದಾರ ಸುತ್ಕೊಂಡು ಕೂತಿತ್ತು.

"ಮೇಡಂ, ಆಯುಧಪೂಜೆಗೆ ಹೊರಗಡೆ ತಾನೇ ಹಚ್ಚೋದು?"

"ಹೊರಗಡೇನೇ ಹಚ್ಚಿದ್ದು. ಅಲ್ಲಿ ತೂತುತೂತಾಗಿ ರೌಂಡಾಗಿ ಒಂದು ಜಾಗ ಇತ್ತಲ್ಲ, ಬೊಟ್ಟಿಗೆ ಅಂತಾನೇ ಬಿಟ್ಟಿದಾರೆ ಅನ್ಕೊಂಡೆ."

"ಅದು ಗಾಳಿ ಆಡೋ ಜಾಗ ಮೇಡಂ. ಅಲ್ಲಿ ಹಚ್ಚಬೇಡಿ."

"ಮತ್ತೆ ಮುಂದಿನ ವರ್ಷ ಎಲ್ಲಿ ಹಚ್ಚೋದು?"

ಇದಕ್ಕೆ ಅಧ್ಯಕ್ಷರೇ ಉತ್ತರ ಕೊಟ್ರು. "ಇವನ ಹಣೆಗೇ ಹಚ್ಚಿಬಿಡು. ಹೆಂಗೂ ಕೆಟ್ಟಾಗೆಲ್ಲಾ ಇವನೇ ತಾನೇ ಬರೋದು!"

ಮೂರು ಕಾವಲುಗಾರರು

ಕ್ಲೀನ್ ಮಾಡಿದ್ಮೇಲೂ ಮೆಷಿನ್ ತೆವಳ್ತಾನೇ ಇತ್ತು. ನೋಡಿದ್ರೆ ಮೂರು ಆಂಟಿವೈರಸ್ ಹಾಕಿದಾರೆ. ಒಂದು ಇನ್ನೊಂದನ್ನ ಕಳ್ಳ ಅಂತ ಹಿಡಿಯೋದು, ಮೂರನೇದು ಇಬ್ಬರನ್ನೂ ಹಿಡಿಯೋದು. ನಿಜವಾದ ವೈರಸ್‌ಗಳು ಮಧ್ಯದಲ್ಲಿ ಆರಾಮಾಗಿ ಸಂಸಾರ ಮಾಡ್ಕೊಂಡಿದ್ವು.

"ಸಾರ್, ಒಂದು ಇಟ್ಕೊಂಡು ಎರಡು ತೆಗೀಬೇಕು."

"ಈ ಕೆಂಪುದು ಅಳಿಯಂದ್ರು ಹಾಕಿದ್ದು. ತೆಗೆದ್ರೆ ಬೇಜಾರ್ ಮಾಡ್ಕೋತಾರಪ್ಪ."

"ಹಂಗಾದ್ರೆ ಈ ಹಸಿರುದು?"

ಅಡುಗೆಮನೆಯಿಂದ ದನಿ ಬಂತು. "ಅದು ನಮ್ಮ ತಮ್ಮ ಹಾಕಿದ್ದು. ಮುಟ್ಟಿ, ನೋಡೋಣ."

ಅಧ್ಯಕ್ಷರು ದನಿ ತಗ್ಗಿಸಿ, "ನೀಲಿದು ನಾನು ಹಾಕಿದ್ದು, ಅದನ್ನ ತೆಗಿ" ಅಂದ್ರು. ಆಮೇಲೆ ಇನ್ನೂ ತಗ್ಗಿಸಿ, "ಆ ಹಸಿರುದರ ಚಿತ್ರ ಮಾತ್ರ ಇರೋ ಹಂಗೆ ಮಾಡಿ, ಒಳಗಡೆಯಿಂದ ತೆಗೆಯೋಕಾಗತ್ತಾ?"

ಮಾಡ್ಕೊಟ್ಟೆ. ಮೇಡಂ ತಮ್ಮ ಇವತ್ತಿಗೂ ಆ ಮನೇಲಿ ಹಂಗೇ, ಬರೀ ಚಿತ್ರವಾಗಿ ಇದಾರೆ.

ಒಂದು ಸಲ ಹೇಳಿದ್ರೆ ಕೇಳಲ್ಲ

ಅಧ್ಯಕ್ಷರು ಮೌಸ್ ಹಿಡಿಯೋದು ನೋಡಿದೆ. ಪೇಪರ್ ಓದೋಣ ಅಂತ ಒಂದು ಸಲ ಒತ್ತಿದ್ರು. ತೆರೀಲಿಲ್ಲ. ಹಿಂದಿನ ಬೆಂಚಿನ ಹುಡುಗನ್ನ ನೋಡೋ ಹಂಗೆ ಸ್ಕ್ರೀನ್ ನೋಡಿ, ಟಕಟಕಟಕ ಅಂತ ಒತ್ತೋಕೆ ಶುರು ಮಾಡಿದ್ರು. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ತುಂಬಾ ಒಂದೇ ಪೇಪರ್ ಕಿಟಕಿ ಮೇಲೆ ಕಿಟಕಿ ಬಿಚ್ಕೊಳ್ತಾ ಹೋಯ್ತು.

"ಸಾರ್, ನೀವು ಒತ್ತಿದ ಪ್ರತಿ ಸಲಾನೂ ಅದು ಲೆಕ್ಕ ಇಟ್ಕೊಂಡಿದೆ."

"ನೋಡು ಮತ್ತೆ," ಅಂದ್ರು ಅಧ್ಯಕ್ಷರು ಖುಷಿಯಾಗಿ, "ಗದರಿಸಿದ್ರೆ ಕೆಲಸ ಮಾಡತ್ತೆ."

ಪರಿಶೀಲನೆಯಲ್ಲಿದೆ

ಡಿಸ್ಕ್ ತುಂಬಿ ತುಳುಕ್ತಿತ್ತು. ಅರ್ಧ ಜಾಗ ಗುಡ್ ಮಾರ್ನಿಂಗ್ ಚಿತ್ರಗಳು. ಉಳಿದರ್ಧ 'ನೋಡೋಣ' ಅನ್ನೋ ಒಂದೇ ಫೋಲ್ಡರು. ತೆಗೆದ್ರೆ ಬಡಾವಣೆ ಜನರ ದೂರುಗಳು. ಬೀದಿದೀಪದ ಫೋಟೋ, ಚರಂಡಿ ವಿಡಿಯೋ, ನಾಯಿ ವಿಡಿಯೋ. ಅದರಲ್ಲಿ ನಾನು ಕಳಿಸಿದ್ದ ನಮ್ಮ ಅಡ್ಡರಸ್ತೆ ಗುಂಡಿಯೂ ಇತ್ತು.

"ಸಾರ್, ಇದೊಂದು ಡಿಲೀಟ್ ಮಾಡಿದ್ರೆ ಮೆಷಿನ್ ಹಾರತ್ತೆ."

"ಛೆ! ಜನರ ಅಹವಾಲು ಕಣಯ್ಯಾ. ಡಿಲೀಟ್ ಅಂದ್ರೆ ಹೆಂಗೆ? ಗುಡ್ ಮಾರ್ನಿಂಗ್ ತೆಗಿ."

"ಇದರಲ್ಲಿ ಒಂದನ್ನಾದ್ರೂ ಓಪನ್ ಮಾಡಿದೀರಾ ಸಾರ್?"

"ಮಾಡೋಕೆ ಹೋಗಿದ್ದೆ. ಕಂಪ್ಯೂಟರ್ ಸ್ಲೋ."

ಭಾನುವಾರ

ಕೊನೆಗೆ ಹಳೇ ಡಿಸ್ಕ್ ತೆಗೆದು ಹೊಸದು ಹಾಕಿದೆ. ಮೆಷಿನ್ ಬಾಣ. ಅಧ್ಯಕ್ಷರಿಗೆ ಮಾತ್ರ ಧೈರ್ಯ ಸಾಲ್ದೆ, ಸಭೆ ಹೊತ್ತಿಗೆ ನನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡ್ರು, ಕ್ಯಾಮರಾಗೆ ಕಾಣದ ಹಂಗೆ.

ಸ್ವಾಗತ ಆಯ್ತು, ವರದಿ ಆಯ್ತು. ಆಗ ಎದುರುಮನೆ ಇಂಜಿನಿಯರ್ ಮುಖ ಸ್ಕ್ರೀನಲ್ಲಿ ಬಂತು.

"ಅಧ್ಯಕ್ಷರೇ, ಸಂಘದ ರೂಮಲ್ಲಿ ನಿಮ್ಮನೆ ಸೋಫಾ ಯಾಕಿದೆ?"

ಅಧ್ಯಕ್ಷರ ಬಾಯಿ ಅರ್ಧ ತೆರೆದಿದೆ, ಕೈ ಅರ್ಧ ಎತ್ತಿದೆ, ರೆಪ್ಪೆ ಬಡೀತಿಲ್ಲ. ಅಯ್ಯೋ ಹ್ಯಾಂಗ್ ಆಯ್ತಲ್ಲಪ್ಪ ಅಂತ ನಾನು ಮೌಸ್ ಅಲ್ಲಾಡಿಸಿ ನೋಡಿದ್ರೆ, ಮೆಷಿನ್ ಸರಿಯಾಗೇ ಇದೆ. ಹ್ಯಾಂಗ್ ಆಗಿದ್ದು ಅಧ್ಯಕ್ಷರು. ಹಳೇ ಕಂಪ್ಯೂಟರ್ ಆಗಿದ್ರೆ ಅದೇ ನಿಂತುಹೋಗಿ ಅವರನ್ನ ಕಾಪಾಡ್ತಿತ್ತು. ನಾನು ರಿಪೇರಿ ಮಾಡಿ ಆ ದಾರಿ ಮುಚ್ಚಿದ್ದೆ. ಪಾಪ, ಹ್ಯಾಂಗ್ ಆಗೋ ಕೆಲಸಾನ ಅವರೇ ಕೈಯಾರೆ ಮಾಡ್ಕೋಬೇಕಾಯ್ತು.

"ನೆಟ್‌ವರ್ಕ್ ಹೋಗಿರ್ಬೇಕು" ಅಂದ್ರು ಒಬ್ಬರು.

"ನೆಟ್‌ವರ್ಕ್ ಹೋದ್ರೆ ತಲೆ ಮೇಲೆ ಸೀಲಿಂಗ್ ಫ್ಯಾನ್ ಹೆಂಗ್ರೀ ತಿರುಗ್ತಿದೆ?" ಅಂದ್ರು ಇಂಜಿನಿಯರು.

ಅಷ್ಟೊತ್ತಿಗೆ ಮೇಡಂ ಕಾಫಿ ಲೋಟ ಹಿಡ್ಕೊಂಡು ಬಂದ್ರು. ಗಂಡನ್ನ ನೋಡಿದ್ರು. "ಏನ್ರೀ... ರೀ! ಯಾಕ್ ಹಿಂಗ್ ಕೂತಿದೀರಾ?" ಭುಜ ಅಲ್ಲಾಡಿಸಿದ್ರು. ಅಧ್ಯಕ್ಷರು ಜಗ್ಗಲಿಲ್ಲ. ನಾನು ಬಾಯಿ ಬಿಟ್ರೆ ಮೈಕ್ ಆನ್. ಏನಿಲ್ಲ, ಸುಮ್ನೆ ಹೋಗಿ ಅಂತ ಕೈ ಬೀಸಿದೆ. ಅವರಿಗದು ಬೇಗ ಯಾರನ್ನಾದ್ರೂ ಕರೀರಿ ಅಂದ ಹಂಗೆ ಕಾಣಿಸ್ತು.

"ಅಯ್ಯೋ, ಯಾರಾದ್ರೂ ಬನ್ರೋ! ನಮ್ಮನೆಯವರಿಗೆ ಏನೋ ಆಗೋಯ್ತು!"

ಇಡೀ ಸಂಘಕ್ಕೆ ಕೇಳಿಸ್ತು. ಸ್ಕ್ರೀನಲ್ಲಿದ್ದ ಮುಖಗಳು ಒಂದೊಂದೇ ಮಾಯ. ಮೆಟ್ಟಿಲ ಮೇಲೆ ದಡದಡ ಸದ್ದು. ಲುಂಗೀಲಿ, ನೈಟಿ ಮೇಲೆ ಟವೆಲ್ ಹೊದ್ದು, ಹಾಲ್ ತುಂಬಾ ಜನ. ಅಧ್ಯಕ್ಷರು ಮಾತ್ರ ಅದೇ ಭಂಗಿ. ಕದಲಿದ್ರೆ ಸೋಫಾಗೆ ಉತ್ತರ ಹೇಳ್ಬೇಕಲ್ಲ.

ಇಂಜಿನಿಯರು ಕೈ ಹಿಡಿದು ನಾಡಿ ನೋಡಿದ್ರು. ಸುತ್ತ ಒಂದು ಸಲ ಕಣ್ಣಾಡಿಸಿದ್ರು. "ಗಾಬರಿ ಏನಿಲ್ಲ, ಚೆನ್ನಾಗಿದಾರೆ. ಹೆಂಗೂ ಎಲ್ರೂ ಬಂದಿದೀವಿ, ಸಭೆ ಇಲ್ಲೇ ಮುಂದುವರಿಸೋಣ."

ಮೇಡಂ ಸೆರಗಲ್ಲಿ ಕಣ್ಣೊರೆಸ್ಕೊಂಡು, ಮನೆಗೆ ಬಂದೋರನ್ನ ನಿಲ್ಲಿಸಿದೀವಲ್ಲ ಅಂತ ಮುಜುಗರ ಪಟ್ಕೊಂಡು ಹೇಳಿದ್ರು.

"ಕೂತ್ಕೊಳ್ಳಿ ಅನ್ನೋಣ ಅಂದ್ರೆ ಮನೇಲಿ ಜಾಗ ಇಲ್ಲ. ಸಂಘದ ರೂಮಿನ ಬೀಗದ ಕೈ ಕೊಡ್ತೀನಿ, ಅಲ್ಲಿ ನಮ್ಮ ಸೋಫಾನೇ ಇದೆ, ಆರಾಮಾಗಿ ಕೂತ್ಕೋಬಹುದು."

ಅಷ್ಟು ಹೊತ್ತು ಕಲ್ಲಾಗಿದ್ದ ಅಧ್ಯಕ್ಷರು ಆಗ ಅಲ್ಲಾಡಿದ್ರು. ನನ್ನ ಕಡೆ ತಿರುಗಿ, ಹಲ್ಲು ಕಚ್ಚಿ ಅಂದ್ರು: "ಇವಳ್ನ ಮ್ಯೂಟ್ ಮಾಡೋದು ಎಲ್ಲಪ್ಪ?"